ಕಿಡಿ ಹುಟ್ಟುವುದು ಕರೆಂಟ್ ಹೋದಾಗ

ಹಳೇ ಅಂಬಾಸಿಡರ್ ಇಟ್ಟುಕೊಂಡವರ ಕಿವಿಗೆ ಗ್ಯಾರೇಜಿನಲ್ಲಿ ಈ ಮಾತು ಬಿದ್ದೇ ಇರುತ್ತದೆ. ‘ಸಾರ್, ಆ ಪಾಯಿಂಟ್ ಸಹವಾಸ ಬಿಡಿ. ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕ್ಸಿ. ಪಿಕಪ್ ಜಾಸ್ತಿ, ಮೈಲೇಜ್ ಜಾಸ್ತಿ.’ ಡಿಸ್ಟ್ರಿಬ್ಯೂಟರ್ ಅಂದರೆ ಸಮಯಕ್ಕೆ ಸರಿಯಾಗಿ ಒಂದೊಂದೇ ಸಿಲಿಂಡರಿಗೆ ಕಿಡಿ ಹಂಚುವ ಡಬ್ಬಿ; ಪಾಯಿಂಟ್ ಅಂದರೆ ಅದರೊಳಗೆ ತೆರೆದು ಮುಚ್ಚುವ ಪುಟ್ಟ ಸ್ವಿಚ್. ಹಾಕಿಸಿ, ನನ್ನದೇನೂ ತಕರಾರಿಲ್ಲ. ಆದರೆ ಈ ‘ಜಾಸ್ತಿ’ ಎಲ್ಲಿಂದ ಬರುತ್ತದೆ ಅಂತ ಕೇಳಿ ನೋಡಿ. ‘ಎಲೆಕ್ಟ್ರಾನಿಕ್ ಅಲ್ವಾ ಸಾರ್’ ಅನ್ನುತ್ತಾರೆ. ಆಯುಧ ಪೂಜೆಗೆ ಟೈರಿನಡಿ ನಿಂಬೆಹಣ್ಣು ಇಡುವವರನ್ನು ಕಂಡು ನಗುವವರೂ ಈ ಉತ್ತರಕ್ಕೆ ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತಾರೆ.

ಬ್ಯಾಟರಿಯಲ್ಲಿರುವುದು 12 ವೋಲ್ಟ್. ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಸುಮಾರು ಹತ್ತು ಸಾವಿರ ವೋಲ್ಟ್ ಬೇಕು. ನಡುವಿನ ಕೆಲಸ ಇಗ್ನಿಷನ್ ಕಾಯಿಲ್‌ನದು. ಅದರೊಳಗೆ ಎರಡು ಸುತ್ತುಗಳಿವೆ. ಒಂದು ದಪ್ಪ ತಂತಿಯದು, ಇನ್ನೊಂದು ಕೂದಲಿನಷ್ಟು ಸಣ್ಣ ತಂತಿಯದು. ಸಣ್ಣ ತಂತಿಯ ಸುತ್ತು ಸುಮಾರು ನೂರು ಪಟ್ಟು ಜಾಸ್ತಿ. ಪಾಯಿಂಟ್ ಮುಚ್ಚಿದಾಗ ದಪ್ಪ ತಂತಿಯಲ್ಲಿ ನಾಲ್ಕು ಆಂಪಿಯರ್‌ವರೆಗೆ ಕರೆಂಟ್ ಹರಿದು ಕಾಯಿಲ್ ಅಯಸ್ಕಾಂತವಾಗುತ್ತದೆ. ಕಿಡಿ ಆಗ ಬರುತ್ತದೆ ಅಂತಲೇ ಬಹಳ ಜನ ತಿಳಿದಿದ್ದಾರೆ. ಆಗ ಪ್ಲಗ್ಗಿನಲ್ಲಿ ಏನೂ ಆಗುವುದಿಲ್ಲ. ಪಾಯಿಂಟ್ ಬಿಟ್ಟುಕೊಂಡು ಕರೆಂಟ್ ಕಡಿದುಹೋದ ಗಳಿಗೆಯಲ್ಲಿ ಅಯಸ್ಕಾಂತ ಕುಸಿಯುತ್ತದೆ. ಆ ಕುಸಿತದಿಂದ ಸಣ್ಣ ತಂತಿಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಕಿಡಿ ಹುಟ್ಟುತ್ತದೆ.

ಜೋರಾಗಿ ನೀರು ಬರುತ್ತಿರುವ ನಲ್ಲಿಯನ್ನು ಫಟ್ಟನೆ ಮುಚ್ಚಿದರೆ ಗೋಡೆಯೊಳಗಿನ ಪೈಪು ‘ಧಡ್’ ಅನ್ನುತ್ತದಲ್ಲ, ಹಾಗೇ ಇದೂ. ನಿಧಾನವಾಗಿ ಮುಚ್ಚಿದರೆ ಸದ್ದೇ ಇಲ್ಲ. ಎಷ್ಟು ಬೇಗ ನಿಲ್ಲಿಸಿದಿರಿ ಅನ್ನುವುದರ ಮೇಲೆ ಏಟಿನ ಜೋರು ನಿಂತಿದೆ.

ಡಿಸ್ಟ್ರಿಬ್ಯೂಟರಿನಲ್ಲಿರುವ ಬೆರಳು ಗಾತ್ರದ ಕಂಡೆನ್ಸರ್ ಇರುವುದು ಇದಕ್ಕೇ. ಪಾಯಿಂಟ್‌ಗಳು ಬೇರೆಯಾಗುವಾಗ ಕರೆಂಟ್ ಸುಮ್ನೆ ನಿಲ್ಲುವುದಿಲ್ಲ, ನಡುವಿನ ಗಾಳಿಯನ್ನೇ ಹಾರಿ ಹೋಗಲು ನೋಡುತ್ತದೆ. ಹಾರಿದರೆ ಪಾಯಿಂಟ್ ಸುಡುತ್ತದೆ. ಇದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ಜೊತೆಗೆ ಕರೆಂಟ್ ಎಳೆದಾಡಿಕೊಂಡು ನಿಲ್ಲುವುದರಿಂದ ಪ್ಲಗ್ಗಿನ ಕಿಡಿಯೂ ಸೊರಗುತ್ತದೆ. ಕಂಡೆನ್ಸರ್ ಆ ಕ್ಷಣದ ಕರೆಂಟನ್ನು ತನ್ನೊಳಗೆ ಎಳೆದುಕೊಂಡು ಪಾಯಿಂಟ್‌ಗಳಿಗೆ ದೂರ ಸರಿಯಲು ಸಮಯ ಕೊಡುತ್ತದೆ. ಇಷ್ಟು ಚೆಂದದ ಕೆಲಸ ಮಾಡುವ ಇದಕ್ಕೆ ಸಿಗುವ ಮರ್ಯಾದೆ ಮಾತ್ರ ಅಷ್ಟಕ್ಕಷ್ಟೆ.

ಈ ತತ್ವ ಕಾರಿಗಿಂತ ಹಳೆಯದು. ಐರ್ಲೆಂಡಿನ ಮೇನೂತ್‌ನಲ್ಲಿ ನಿಕೊಲಸ್ ಕ್ಯಾಲನ್ ಎಂಬ ಪಾದ್ರಿ 1836ರಲ್ಲೇ ಇಂಥ ಕಾಯಿಲ್ ಸುತ್ತಿದ್ದರು. ಆಗ ವೋಲ್ಟ್ ಮೀಟರ್ ಇರಲಿಲ್ಲ, ವಿದ್ಯಾರ್ಥಿಗಳಿಗೆ ಶಾಕ್ ಕೊಟ್ಟು ಅಳೆಯುತ್ತಿದ್ದರಂತೆ! ಕಾರಿಗೆ ಒಗ್ಗುವಂತೆ ಬ್ಯಾಟರಿ, ಕಾಯಿಲ್, ಪಾಯಿಂಟ್ ಜೋಡಿಸಿಕೊಟ್ಟವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1910ರ ಕ್ಯಾಡಿಲಾಕ್‌ಗಳಲ್ಲಿ ಅದು ಬಂತು. ಮುಂದೆ ಅರವತ್ತು ವರ್ಷ ಜಗತ್ತಿನ ಬಹುಪಾಲು ಪೆಟ್ರೋಲ್ ಕಾರುಗಳು ಇದರ ಮೇಲೇ ಓಡಿದವು.

ಹಾಗಾದರೆ ಪಾಯಿಂಟ್‌ನ ತೊಂದರೆ ಏನು? ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ನೋಡಿ. ಒಂದು ಪಾಯಿಂಟ್ ಮೇಲೆ ಸಣ್ಣ ಮೊಡವೆ, ಎದುರಿನದರಲ್ಲಿ ಅದಕ್ಕೆ ಸರಿಯಾದ ಕುಳಿ. ಲೋಹ ಅಲ್ಲಿಂದ ಇಲ್ಲಿಗೆ ವಲಸೆ ಬಂದಿದೆ. ಇದು ಕಣ್ಣಿಗೆ ಕಾಣುವ ಸವೆತ. ಕಾಣದ ಸವೆತ ಇರುವುದು ಪಾಯಿಂಟಿನ ಫೈಬರ್ ಹಿಮ್ಮಡಿಯಲ್ಲಿ; ತಿರುಗುತ್ತಾ ಪಾಯಿಂಟನ್ನು ತೆರೆಯುವ ಕ್ಯಾಮ್‌ಗೆ ಉಜ್ಜುವ ಭಾಗ ಅದು. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಪಾಯಿಂಟ್ ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚುತ್ತದೆ. ಹಿಮ್ಮಡಿ ಸವೆದಂತೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಇಟ್ಟ ಹದಿನೈದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಹದಿನೈದು ಭಾಗದ ಗ್ಯಾಪ್ ಕಡಿಮೆಯಾಗುತ್ತಾ ಬರುತ್ತದೆ. ಆಗ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡ. ಗಾಡಿ ದಿನಾ ಚೂರುಚೂರೇ ಮಂದವಾಗುತ್ತದೆ. ಓಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಪಿಕಪ್‌ನ ಗುಟ್ಟು ಇಲ್ಲೇ ಇದೆ. ಹೊಸ ಡಿಸ್ಟ್ರಿಬ್ಯೂಟರ್ ಕೂರಿಸಿ, ಟೈಮಿಂಗ್ (ಕಿಡಿ ಬರುವ ಗಳಿಗೆ) ಸರಿಮಾಡಿದ ದಿನ ಗಾಡಿ ಹಾರಿದಂತೆ ಅನಿಸುವುದು ನಿಜ. ಆದರೆ ಕಳೆದುಹೋಗಿದ್ದ ಶಕ್ತಿಯೇ ವಾಪಸ್ ಬಂದಿದೆ. ಹೊಸ ಪಾಯಿಂಟ್ ಹಾಕಿ ಗ್ಯಾಪ್ ಇಟ್ಟಿದ್ದರೂ ಆ ದಿನ ಹೆಚ್ಚುಕಡಿಮೆ ಅಷ್ಟೇ ಸಿಗುತ್ತಿತ್ತು. ಎಲೆಕ್ಟ್ರಾನಿಕ್‌ನಲ್ಲಿ ಅದು ಹಾಗೇ ಉಳಿಯುತ್ತದೆ, ಲಾಭ ಅಷ್ಟು. ಅದರೊಳಗೆ ಕ್ಯಾಮ್ ಜಾಗದಲ್ಲಿ ಅಯಸ್ಕಾಂತದ ಬಳೆ ತಿರುಗುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಬಳಸುವ ಪುಟ್ಟ ಸೆನ್ಸರ್ ಅದನ್ನು ಮುಟ್ಟದೇ ಗುರುತಿಸುತ್ತದೆ. ಕರೆಂಟ್ ಕಡಿಯುವ ಕೆಲಸ ಟ್ರಾನ್ಸಿಸ್ಟರ್‌ನದು. ಉಜ್ಜುವುದಿಲ್ಲ, ಸುಡುವುದಿಲ್ಲ. ಕಾಯಿಲ್ ಅದೇ, ಕಿಡಿಯ ತತ್ವವೂ ಅದೇ. ಬದಲಾಗಿದ್ದು ಸ್ವಿಚ್ ಒಂದೇ.

‘ನಲವತ್ತು ಸಾವಿರ ವೋಲ್ಟ್’ ಕಾಯಿಲ್ ಮಾರುವವರೂ ಇದ್ದಾರೆ. ವೋಲ್ಟೇಜ್ ಏರುವುದು ಪ್ಲಗ್ಗಿನ ಗ್ಯಾಪ್ ಹಾರುವವರೆಗೆ ಮಾತ್ರ. ಹನ್ನೆರಡು ಸಾವಿರಕ್ಕೇ ಕಿಡಿ ಹಾರಿದರೆ ಉಳಿದದ್ದು ಡಬ್ಬಿಯ ಮೇಲೆ ಅಚ್ಚಾಗಿ ಉಳಿಯುತ್ತದೆ.

ಕೂರಿಸುವಾಗ ಎಡವುವುದು ಬೇರೆ ಕಡೆ. ಇಸುಜು ಎಂಜಿನ್ ಬರುವ ಮುಂಚಿನ 1489 ಸಿಸಿ ಅಂಬಾಸಿಡರ್ ಎಂಜಿನ್, ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ ಎಂಜಿನ್, ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ (ಬಿಎಂಸಿ) ಬಿ-ಸೀರೀಸ್ ಮನೆತನದವು. ಅದಕ್ಕೇ ಎಂಜಿಬಿಯ ಡಿಸ್ಟ್ರಿಬ್ಯೂಟರ್ ತೋರಿಸಿ ‘ಅದರದ್ದೇ ಇದಕ್ಕೂ ಆಗುತ್ತೆ’ ಅನ್ನುತ್ತಾರೆ. ತೂತಿಗೆ ಕೂರಬಹುದು. ಆದರೆ ವೇಗ ಏರಿದಂತೆ ಕಿಡಿಯನ್ನು ಎಷ್ಟು ಮುಂಚೆ ಕೊಡಬೇಕು ಅನ್ನುವುದನ್ನು ಒಳಗಿನ ಎರಡು ತೂಕದ ತುಂಡು, ಎರಡು ಸ್ಪ್ರಿಂಗ್ ತೀರ್ಮಾನಿಸುತ್ತವೆ. ಒಂದೊಂದು ಮಾಡೆಲ್ಲಿಗೆ ಈ ಅಡ್ವಾನ್ಸ್ ಲೆಕ್ಕ ಬೇರೆ. ತಪ್ಪಾದದ್ದು ಬಿದ್ದರೆ ಘಾಟಿಯಲ್ಲಿ ನಾಕಿಂಗ್, ಅಂದರೆ ಎಂಜಿನ್ ಒಳಗೆ ಟಕಟಕ ಬಡಿತ ಶುರುವಾಗುತ್ತದೆ. ಹಾಗೇ ಬಿಟ್ಟರೆ ಪಿಸ್ಟನ್‌ಗೇ ಕುತ್ತು.

ಬ್ಯಾಟರಿಯನ್ನೂ ನೋಡಿ. 1967ಕ್ಕಿಂತ ಹಿಂದಿನ ಎಂಜಿಬಿಯಂಥ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಕಾರಿನ ಲೋಹದ ಬಾಡಿಯ ಜೊತೆ ಸೇರುವುದು ಬ್ಯಾಟರಿಯ ಪ್ಲಸ್ ತುದಿ. ಮೈನಸ್ ತುದಿ ಬಾಡಿಯ ಜೊತೆ ಸೇರುವ (ನೆಗೆಟಿವ್ ಅರ್ತ್) ಕಾರಿಗೆ ಮಾಡಿದ ಮಾಡ್ಯೂಲನ್ನು, ಅಂದರೆ ಆ ಸೆನ್ಸರ್, ಟ್ರಾನ್ಸಿಸ್ಟರ್ ಇರುವ ಎಲೆಕ್ಟ್ರಾನಿಕ್ ತುಂಡನ್ನು, ಅಲ್ಲಿ ಜೋಡಿಸಿದರೆ ಕೀ ತಿರುಗಿಸಿದ ಕೂಡಲೇ ಸುಟ್ಟುಹೋಗಬಹುದು. ಹಳೆಯ ಡಿಸ್ಟ್ರಿಬ್ಯೂಟರ್ ಬಿಚ್ಚುವ ಮುನ್ನ ಒಂದನೇ ಸಿಲಿಂಡರನ್ನು ಕಂಪ್ರೆಷನ್‌ನ ಟಾಪ್‌ಗೆ (ಪಿಸ್ಟನ್ ಒತ್ತಿ ಮೇಲ್ತುದಿಗೆ ಬರುವ ಜಾಗ) ತಂದು, ರೋಟರ್ (ಒಳಗೆ ತಿರುಗಿ ಒಂದೊಂದೇ ಪ್ಲಗ್ಗಿಗೆ ಕಿಡಿ ಹಂಚುವ ತುಂಡು) ಮುಖ ಮಾಡಿದ ಕಡೆ ಬಾಡಿ ಮೇಲೆ ಪೇಂಟಿನ ಗುರುತು ಹಾಕಿ. ಪ್ಲಗ್ ವೈರ್‌ಗಳನ್ನು ಸಿಲಿಂಡರಿನ 1-3-4-2 ಸರದಿಯಲ್ಲಿ, ಗಡಿಯಾರದ ಎದುರು ದಿಕ್ಕಿಗೆ ಜೋಡಿಸಿ. ಕೊನೆಗೆ ಕಿಡಿಯ ಜೊತೆಗೇ ಮಿನುಗುವ ಸ್ಟ್ರೋಬ್ ಲೈಟ್ ಹಿಡಿದು ಟೈಮಿಂಗ್ ನೋಡಿಯೇ ಕ್ಲ್ಯಾಂಪ್ ಬಿಗಿ ಮಾಡಿ. ಎಂಜಿನ್ ನಿಂತಿರುವಾಗ ಸುಮ್ನೆ ಕೀ ಆನ್ ಮಾಡಿಟ್ಟು ರೇಡಿಯೋ ಕೇಳಬೇಡಿ, ಕಾಯಿಲ್ ಕಾದು ಮಾಡ್ಯೂಲನ್ನೂ ಕೊಲ್ಲಬಹುದು.

ಹಳೆಯದನ್ನು ಗುಜರಿಗೆ ಹಾಕದೆ, ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಡಿ. ಪಾಯಿಂಟ್ ಸಾಯುವ ಮುಂಚೆ ವಾರಗಟ್ಟಲೆ ಗೊಣಗುತ್ತದೆ. ಮಿಸ್ಸಿಂಗ್ ಹೊಡೆಯುತ್ತದೆ, ಬೆಳಗ್ಗೆ ಸತಾಯಿಸುತ್ತದೆ. ಎಮರಿ ಪೇಪರಿನಿಂದ ಒಮ್ಮೆ ಉಜ್ಜಿದರೆ ಊರು ತಲುಪಿಸುತ್ತದೆ. ಮಾಡ್ಯೂಲ್ ಹೋದರೆ ಒಂದು ಮಾತೂ ಹೇಳದೆ ಹೋಗುತ್ತದೆ. ಆಗುಂಬೆ ಘಾಟಿಯ ನಡುವೆ ಅದನ್ನು ಉಜ್ಜಿ ರಿಪೇರಿ ಮಾಡಲು ಆಗುವುದಿಲ್ಲ.