ಕ್ಯಾಮೆರಾ ಬೇರೆ, ಲ್ಯಾಪ್‌ಟಾಪ್ ಬೇರೆ: ಮನೆಯ ನೆಟ್‌ವರ್ಕ್ ಭಾಗ ಮಾಡುವ ಬಗೆ

ಫೈಬರ್ ಕನೆಕ್ಷನ್ ಇರುವ ಬಹುಪಾಲು ಮನೆಗಳಲ್ಲಿ ಎಲ್ಲವೂ ಒಂದೇ ವೈಫೈ ಮೇಲೆ ಓಡುತ್ತವೆ. ಬ್ಯಾಂಕ್ ಕೆಲಸದ ಲ್ಯಾಪ್‌ಟಾಪ್, ಮಕ್ಕಳ ಟ್ಯಾಬ್, ಗೇಟಿನ ಕ್ಯಾಮೆರಾ, ಅದರ ಚಿತ್ರ ದಾಖಲಿಸುವ ಡಿವಿಆರ್, ಸ್ಮಾರ್ಟ್ ಪ್ಲಗ್, ಹಬ್ಬಕ್ಕೆ ಬಂದ ನೆಂಟರ ಫೋನು, ಎಲ್ಲಕ್ಕೂ 192.168.1 ಎಂದು ಶುರುವಾಗುವ ವಿಳಾಸ. ಹೀಗಿದ್ದಾಗ ಯಾವ ಸಾಧನ ಬೇಕಾದರೂ ಇನ್ನೊಂದರ ಬಾಗಿಲು ತಟ್ಟಬಹುದು. ರೂಟರ್ ನಡುವೆ ಬಂದು ತಡೆಯುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಹರಡಿದ್ದು ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಮೂಲಕ. ಕಂಪನಿಯಿಂದಲೇ ಬಂದಿದ್ದ, ಯಾರೂ ಬದಲಿಸದ ಅರವತ್ತರಷ್ಟು ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿದ್ದೇ ಅದರ ದೊಡ್ಡ ವಿದ್ಯೆ. ಇಂಥ ಸಾಧನದೊಳಗೆ ಮಾಲ್‌ವೇರ್ ಹೊಕ್ಕರೂ ಅದು ಲ್ಯಾಪ್‌ಟಾಪಿನ ತನಕ ಬರಬಾರದು. ನೆಟ್‌ವರ್ಕ್ ಭಾಗ ಮಾಡುವ ಉದ್ದೇಶ ಇಷ್ಟೇ.

ಯಾವ ಸೆಟ್ಟಿಂಗನ್ನೂ ಮುಟ್ಟುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಮನೆಯ ಸಾಧನಗಳನ್ನೆಲ್ಲ ಮೂರು ಗುಂಪಾಗಿ ಬರೆಯಿರಿ: ಮನೆ, ಸಾಮಾನು, ನೆಂಟರು. ಸ್ವಂತ ಫೋನು, ಲ್ಯಾಪ್‌ಟಾಪ್, ಪ್ರಿಂಟರ್ ಮೊದಲನೆಯದಕ್ಕೆ. ಕ್ಯಾಮೆರಾ, ಡಿವಿಆರ್, ಟಿವಿ, ಬಲ್ಬು, ಪ್ಲಗ್ ಎರಡನೆಯದಕ್ಕೆ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ನೆಂಟರ ಗುಂಪಿಗೇ ಹೋಗಲಿ. ಅದಕ್ಕೆ ಬೇಕಿರುವುದು ಇಂಟರ್ನೆಟ್ ಮಾತ್ರ. ಮೂರಕ್ಕಿಂತ ಹೆಚ್ಚು ಗುಂಪು ಮಾಡುವ ಆಸೆಯನ್ನು ಮೊದಲ ವರ್ಷ ತಡೆದುಕೊಳ್ಳಿ.

ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ (ಇಂಟರ್ನೆಟ್ ಮಾತ್ರ ಕೊಡುವ ಬೇರೆ ವೈಫೈ) ಇದ್ದರೆ ಅದನ್ನು ಆನ್ ಮಾಡಿ, ಸಾಮಾನುಗಳನ್ನೆಲ್ಲ ಅದಕ್ಕೆ ಜೋಡಿಸಿದರೆ ಅರ್ಧ ಕೆಲಸ ಮುಗಿದಂತೆ. ಒಂದೇ ಎಚ್ಚರಿಕೆ: ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ಬೇರೆ ರೂಟರಿನ ಹಿಂದೆ ವೈಫೈ ಹಂಚುವುದಷ್ಟೇ ಕೆಲಸ) ಹಾಕಿದಾಗ ಕೆಲವು ಮಾದರಿಗಳಲ್ಲಿ ಗೆಸ್ಟ್ ಎಂಬ ಹೆಸರು ಮಾತ್ರ ಉಳಿದು ತಡೆ ಹೋಗಿಬಿಡುತ್ತದೆ.

ಇನ್ನು ಎರಡು ರೂಟರ್ ಇಟ್ಟು ಭಾಗ ಮಾಡುವವರು. ಇಲ್ಲಿ ಹೆಚ್ಚಿನವರು ತಲೆಕೆಳಗು ಮಾಡುತ್ತಾರೆ. ಇಂಟರ್ನೆಟ್ ಕಂಪನಿಯವರು ಕೊಟ್ಟ ಓಎನ್‌ಟಿಯ (ಫೈಬರ್ ಬಂದು ಸೇರುವ ಪೆಟ್ಟಿಗೆ) ವೈಫೈಯಲ್ಲಿ ಲ್ಯಾಪ್‌ಟಾಪ್ ಬಿಟ್ಟು, ಅದರ ಹಿಂದೆ ಹಳೆಯ ರೂಟರ್ ಕೂಡಿಸಿ ಕ್ಯಾಮೆರಾಗಳನ್ನು ಅದಕ್ಕೆ ಹಾಕುತ್ತಾರೆ. ಆದರೆ ಒಳಗಿನ ರೂಟರಿನ ಕಣ್ಣಿಗೆ ಓಎನ್‌ಟಿಯ ಕಡೆಯದೆಲ್ಲ ಇಂಟರ್ನೆಟ್ಟೇ. ಕ್ಯಾಮೆರಾ ಹೊರಗೆ ಹೋಗಲು ಅನುಮತಿ ಇರುವುದರಿಂದ ಲ್ಯಾಪ್‌ಟಾಪನ್ನೂ ಸಲೀಸಾಗಿ ಮುಟ್ಟುತ್ತದೆ. ಕಾಪಾಡಬೇಕಾದದ್ದು ಒಳಗಿರಬೇಕು: ಓಎನ್‌ಟಿಗೆ ಸಾಮಾನು, ಹಿಂದಿನ ರೂಟರಿಗೆ ಮನೆ. ಎರಡೂ ಕಡೆ ವಿಳಾಸ 192.168.1 ಆಗಿದ್ದರೆ ನೆಟ್ ಬರುವುದೇ ಇಲ್ಲ, ಆದ್ದರಿಂದ ಒಳಗಿನದನ್ನು 192.168.10.1 ಎಂದು ಬದಲಿಸಿ.

ಸರಿಯಾದ ದಾರಿ ವಿಎಲ್ಯಾನ್. ಒಂದೇ ತಂತಿಯಲ್ಲಿ ಹಲವು ನೆಟ್‌ವರ್ಕ್ ಹೋಗುವಂತೆ ಪ್ರತಿ ಫ್ರೇಮಿಗೂ (ಡೇಟಾದ ಒಂದೊಂದು ತುಣುಕಿಗೂ) 1ರಿಂದ 4094ರೊಳಗಿನ ಒಂದು ಸಂಖ್ಯೆ ಅಂಟಿಸುವ ವ್ಯವಸ್ಥೆ ಇದು. ಬೇಕಾದದ್ದು ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ರೂಟರ್ ತಂತ್ರಾಂಶ ಹಾಕಬಹುದಾದ ರೂಟರ್ (16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್‌ಗಿಂತ ಕಡಿಮೆಯದು ಬೇಡ) ಮತ್ತು ತಂತಿಯ ಸಾಧನ ಹೆಚ್ಚಿದ್ದರೆ ಎಂಟು ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ (ಪ್ರತಿ ಪೋರ್ಟನ್ನೂ ಬೇರೆಯಾಗಿ ಹೊಂದಿಸಬಹುದಾದದ್ದು). ಓಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ (ಕನೆಕ್ಷನ್ನನ್ನು ನೇರ ನಿಮ್ಮ ರೂಟರಿಗೆ ದಾಟಿಸುವ ಬಗೆ) ಹಾಕಿಸಿ, ಅದರ ವೈಫೈ ಆಫ್ ಮಾಡಿ. ಪಿಪಿಪಿಒಇ, ಅಂದರೆ ಲಾಗಿನ್ ಆಗಿ ಸೇರುವ ಕನೆಕ್ಷನ್ ಆದರೆ ಯೂಸರ್‌ನೇಮ್, ಪಾಸ್‌ವರ್ಡನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ವಿಎಲ್ಯಾನ್ ಸಂಖ್ಯೆ ಮನೆಗೆ 10, ಸಾಮಾನಿಗೆ 20, ನೆಂಟರಿಗೆ 30. ವಿಳಾಸದ ಮೂರನೆಯ ಅಂಕಿಯೂ ಅದೇ ಇರಲಿ: 192.168.20.1, 192.168.30.1. ಮುಂದೆ ಏನಾದರೂ ಕೆಟ್ಟಾಗ ವಿಳಾಸ ನೋಡಿದ ಕೂಡಲೇ ಸಾಧನ ಎಲ್ಲಿದೆ ಎಂದು ಗೊತ್ತಾಗುತ್ತದೆ. ಮೂರಕ್ಕೂ ಬೇರೆ ಬೇರೆ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಸೇವೆ), ಬೇರೆ ವೈಫೈ ಹೆಸರು, ಬೇರೆ ಫೈರ್‌ವಾಲ್ ಝೋನ್ (ಯಾರು ಎಲ್ಲಿಗೆ ಹೋಗಬಹುದು ಎಂಬ ನಿಯಮಗಳ ಗುಂಪು). ಮನೆಯಿಂದ ಸಾಮಾನಿಗೆ ಹೋಗಬಹುದು, ಸಾಮಾನಿನಿಂದ ಮನೆಗೆ ಬರುವಂತಿಲ್ಲ. ಎಲ್ಲರೂ ಇಂಟರ್ನೆಟ್‌ಗೆ ಹೋಗಬಹುದು. ಮನೆಯಿಂದ ಕೇಳಿದ್ದಕ್ಕೆ ಕ್ಯಾಮೆರಾ ಕೊಡುವ ಉತ್ತರ ಮಾತ್ರ ತಾನಾಗಿ ಒಳಬರುತ್ತದೆ, ಅದಕ್ಕೆ ಬೇರೆ ನಿಯಮ ಬೇಡ.

ಎಡವುವುದು ಎಲ್ಲಿ ಎಂದರೆ, ಸಾಮಾನು ಮತ್ತು ನೆಂಟರ ಝೋನುಗಳ ಇನ್‌ಪುಟ್ (ಸಾಧನಗಳಿಂದ ರೂಟರಿಗೇ ಬರುವುದು) ಅನ್ನು ರಿಜೆಕ್ಟ್ ಮಾಡಿದಾಗ. ರೂಟರಿನ ಲಾಗಿನ್ ಪುಟಕ್ಕೆ ಯಾರೂ ಬರದಂತೆ ಹಾಗೆ ಮಾಡಲೇಬೇಕು. ಆದರೆ ವಿಳಾಸ ಹಂಚುವುದೂ ಡಿಎನ್‌ಎಸ್ ಉತ್ತರ (ವೆಬ್ ಹೆಸರಿಗೆ ಐಪಿ ವಿಳಾಸ) ಕೊಡುವುದೂ ಅದೇ ರೂಟರ್. ವಿಳಾಸ ಕೇಳುವ ಯುಡಿಪಿ ಪೋರ್ಟ್ 67 (ಪೋರ್ಟ್ ಎಂದರೆ ಇಲ್ಲಿ ಒಂದೊಂದು ಸೇವೆಯ ಬಾಗಿಲ ಸಂಖ್ಯೆ) ಬಿಡದಿದ್ದರೆ ಫೋನು ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂಬಲ್ಲೇ ನಿಂತುಬಿಡುತ್ತದೆ, ವಿಂಡೋಸ್ ಲ್ಯಾಪ್‌ಟಾಪ್ ತಾನೇ ಹಾಕಿಕೊಂಡ 169.254ರ ವಿಳಾಸ ತೋರಿಸುತ್ತದೆ. ಡಿಎನ್‌ಎಸ್‌ನ ಪೋರ್ಟ್ 53 ಬಿಡದಿದ್ದರೆ (ಯುಡಿಪಿ, ಟಿಸಿಪಿ ಎರಡೂ) ವೈಫೈ ಕನೆಕ್ಟ್ ಆಗುತ್ತದೆ, ಗೂಗಲ್‌ನ 8.8.8.8ಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ತಟ್ಟಿ ನೋಡುವುದು) ಹೋಗುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ಈ ಎರಡು ಲಕ್ಷಣ ನೆನಪಿಟ್ಟರೆ ಗಂಟೆಗಟ್ಟಲೆ ಹುಡುಕಾಟ ತಪ್ಪುತ್ತದೆ.

ಸ್ವಿಚ್ಚಿನಲ್ಲಿ ರೂಟರಿನ ಕಡೆಯ ಪೋರ್ಟ್ ಮೂರೂ ವಿಎಲ್ಯಾನ್‌ಗೆ ಟ್ಯಾಗ್ಡ್ (ಸಂಖ್ಯೆ ಅಂಟಿಸಿಯೇ ಕಳಿಸುವುದು). ಕ್ಯಾಮೆರಾದ ಪೋರ್ಟ್ 20ಕ್ಕೆ ಅನ್‌ಟ್ಯಾಗ್ಡ್ (ಸಂಖ್ಯೆ ತೆಗೆದು ಕಳಿಸುವುದು). ಇಷ್ಟಕ್ಕೇ ಬಿಟ್ಟರೆ ಕ್ಯಾಮೆರಾ ಕಳಿಸುವ ಫ್ರೇಮುಗಳು ಇನ್ನೂ ಸ್ವಿಚ್ಚಿನಲ್ಲಿ ಮೊದಲೇ ಇರುವ ವಿಎಲ್ಯಾನ್ 1ಕ್ಕೇ ಹೋಗುತ್ತವೆ, ಏಕೆಂದರೆ ಒಳಬರುವುದನ್ನು ಯಾವ ಗುಂಪಿಗೆ ಸೇರಿಸಬೇಕು ಎಂದು ನಿರ್ಧರಿಸುವುದು ಪೋರ್ಟಿನ ಪಿವಿಐಡಿ ಎಂಬ ಸೆಟ್ಟಿಂಗ್. ಅದನ್ನೂ 20 ಮಾಡಿ, ಪೋರ್ಟನ್ನು 1ರಿಂದ ತೆಗೆಯಿರಿ. ನಿಮ್ಮ ಲ್ಯಾಪ್‌ಟಾಪ್ ಸಿಕ್ಕಿಸಿರುವ ಪೋರ್ಟನ್ನು ಕೊನೆಗೆ ಮುಟ್ಟಿ, ಇಲ್ಲವಾದರೆ ಸ್ವಿಚ್ಚಿನ ಪುಟವೇ ಕೈತಪ್ಪುತ್ತದೆ. ಕಡಿಮೆ ಬೆಲೆಯ ಹಲವು ಸ್ವಿಚ್ಚುಗಳಲ್ಲಿ ಅಪ್ಲೈ ಒತ್ತಿದ ಮೇಲೆ ಸೇವ್ ಕಾನ್ಫಿಗ್ ಎಂದು ಬೇರೆಯಾಗಿ ಒತ್ತಬೇಕು. ಒತ್ತದಿದ್ದರೆ ಕರೆಂಟ್ ಹೋಗಿ ಬಂದಾಗ ಮಾಡಿದ್ದೆಲ್ಲ ಅಳಿಸಿಹೋಗಿರುತ್ತದೆ.

ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ವೈಫೈ ಭದ್ರತೆಯ ಹೊಸ ಬಗೆಯಾದ ಡಬ್ಲ್ಯೂಪಿಎ3 ಒಂದನ್ನೇ ಇಟ್ಟರೆ ಹಳೆಯವು ಸೇರುವುದಿಲ್ಲ, ಹಾಗಾಗಿ ಸಾಮಾನಿನ ವೈಫೈಗೆ ಡಬ್ಲ್ಯೂಪಿಎ2 ಇರಲಿ. ಮೊದಲ ಸಲ ಜೋಡಿಸುವಾಗ ಫೋನನ್ನೂ ಅದೇ ವೈಫೈಗೆ ತಂದು, ಆಮೇಲೆ ವಾಪಸ್ ಹೋಗಿ. ಮನೆಯ ಫೋನಿಗೆ ಟಿವಿ ಕಾಣದಾದರೆ ಗಾಬರಿ ಬೇಡ: ಸಾಧನಗಳು ಒಂದನ್ನೊಂದು ಪತ್ತೆ ಮಾಡುವ ಎಂಡಿಎನ್‌ಎಸ್ ಹುಡುಕಾಟ 224.0.0.251ಕ್ಕೆ, ಪೋರ್ಟ್ 5353ರಲ್ಲಿ ನಡೆಯುತ್ತದೆ, ರೂಟರ್ ದಾಟುವುದಿಲ್ಲ. ರೂಟರಿನಲ್ಲಿ ಅವಾಹಿ ಎಂಬ ತಂತ್ರಾಂಶ ಹಾಕಿ, ಈ ಹುಡುಕಾಟವನ್ನು ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟಿಸುವ ಅದರ ರಿಫ್ಲೆಕ್ಟರ್ ಆನ್ ಮಾಡಿ, ಸಾಮಾನಿನ ಝೋನಿನಿಂದ ಯುಡಿಪಿ 5353 ಬಿಡಿ.

ಕೊನೆಗೆ ಪರೀಕ್ಷೆ. ಫೋನನ್ನು ಸಾಮಾನಿನ ವೈಫೈಗೆ ಹಾಕಿ ಲ್ಯಾಪ್‌ಟಾಪಿಗೆ ಪಿಂಗ್ ಮಾಡಿ, ಹೋಗಬಾರದು. ಆದರೆ ವಿಂಡೋಸ್ ತನ್ನ ಫೈರ್‌ವಾಲಿನಿಂದಲೇ ಪಿಂಗ್ ತಡೆಯುವುದುಂಟು, ಹಾಗಾಗಿ ಅದೊಂದನ್ನೇ ನಂಬಬೇಡಿ: ಪ್ರಿಂಟರಿನ ಪುಟ ಬ್ರೌಸರಿನಲ್ಲಿ ತೆರೆಯುತ್ತದೆಯೇ, 192.168.10.1ರ ಲಾಗಿನ್ ಬರುತ್ತದೆಯೇ ನೋಡಿ. ಎರಡೂ ಬರಬಾರದು. ಮನೆಗೆ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಬರುತ್ತಿದ್ದರೆ ಇದೇ ಪರೀಕ್ಷೆಯನ್ನು ಆ ವಿಳಾಸಗಳಿಗೂ ಮಾಡಿ. ಐಪಿವಿ4ಗೆ ಮಾತ್ರ ಎಂದು ಬರೆದ ನಿಯಮ ಅಲ್ಲಿ ಏನನ್ನೂ ತಡೆಯುವುದಿಲ್ಲ.