ಎಕ್ಸ್‌ರೇ ಸರಿ ಇದೆ, ತೊಡೆಸಂದಿಯ ನೋವು ಮಾತ್ರ ಹೋಗಿಲ್ಲ ಅಂದರೆ

ಮೂವತ್ತು, ನಲವತ್ತರ ಪ್ರಾಯದವರು ತೊಡೆಸಂದಿಯ ನೋವು ಅಂತ ಬಂದರೆ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಹಿಂದಿನ ಎರಡು ಮೂರು ವರ್ಷದಲ್ಲಿ ಯಾವುದಾದರೂ ಕಾಯಿಲೆಗೆ ಸ್ಟೀರಾಯ್ಡ್ ತೆಗೆದುಕೊಂಡಿದ್ದಿರಾ? ದಿನಾ ಕುಡಿಯುವ ಅಭ್ಯಾಸ ಇದೆಯಾ? ಬಹಳ ಜನ ಮುಖ ಮುಖ ನೋಡುತ್ತಾರೆ. ನೋವಿರುವುದು ಕಾಲಲ್ಲಿ, ಡಾಕ್ಟರು ಕೇಳುತ್ತಿರುವುದು ಯಾವತ್ತೋ ನುಂಗಿದ ಮಾತ್ರೆಯ ಬಗ್ಗೆ! ಆದರೆ ಈ ವಯಸ್ಸಿನಲ್ಲಿ ಸೊಂಟದ ಕೀಲು, ಅಂದರೆ ತೊಡೆ ಸೊಂಟಕ್ಕೆ ಸೇರುವ ಕೀಲು, ಹಾಳಾಗಲು ನಾವು ನೋಡುವ ಮುಖ್ಯ ಕಾರಣಗಳಲ್ಲಿ ಒಂದು ಎವಿಎನ್, ಅಂದರೆ ಅವಾಸ್ಕ್ಯುಲರ್ ನೆಕ್ರೋಸಿಸ್. ರಕ್ತ ಸಿಗದೆ ಮೂಳೆಯ ಒಂದು ಭಾಗ ಸತ್ತುಹೋಗುವ ಕಾಯಿಲೆ ಇದು. ಬೇಗ ಹಿಡಿದರೆ ಕೀಲನ್ನು ಉಳಿಸಿಕೊಳ್ಳುವ ಅವಕಾಶ ಇದೆ. ತಡವಾದರೆ ಬದಲಾಯಿಸುವುದೊಂದೇ ದಾರಿ.

ಮೂಳೆ ಅಂದರೆ ಒಣ ಕಡ್ಡಿ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಅದರೊಳಗೆ ಜೀವಕೋಶಗಳಿವೆ, ಅವಕ್ಕೆ ರಕ್ತ ಬೇಕು. ರಕ್ತ ನಿಂತ ಒಂದೆರಡು ದಿನದೊಳಗೆ ಆ ಕೋಶಗಳು ಸಾಯುತ್ತವೆ. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು ಇದೆ, ಆಸ್ಪತ್ರೆಯಲ್ಲಿ ಎಲ್ಲರೂ ಬಾಲ್ ಅಂತಲೇ ಹೇಳುತ್ತೇವೆ. ಈ ಬಾಲ್‌ಗೆ ರಕ್ತ ಹೋಗುವ ದಾರಿ ಬಹಳ ಇಕ್ಕಟ್ಟಿನದು. ಹಿಂಭಾಗದಿಂದ ಬರುವ ಒಂದು ರಕ್ತನಾಳದ ಸಣ್ಣ ಸಣ್ಣ ಕವಲುಗಳು ಬಾಲ್‌ನ ಕೆಳಗಿನ ಸಪೂರ ಭಾಗಕ್ಕೆ, ಅಂದರೆ ಮೂಳೆಯ ಕತ್ತಿಗೆ, ಅಂಟಿಕೊಂಡು ಮೇಲೇರಿ ಒಳಗೆ ಹೋಗುತ್ತವೆ. ಬಾಲ್‌ನ ಬಹುಪಾಲು ಅವನ್ನೇ ನಂಬಿಕೊಂಡಿದೆ. ಆ ದಾರಿ ಮುಚ್ಚಿದರೆ ದೊಡ್ಡವರಲ್ಲಿ ಸಾಕಾಗುವಷ್ಟು ಬೇರೆ ದಾರಿ ಇಲ್ಲ. ಅದಕ್ಕೇ ದೇಹದ ಉಳಿದೆಲ್ಲ ಮೂಳೆಗಿಂತ ಇಲ್ಲೇ ಈ ಕಾಯಿಲೆ ಜಾಸ್ತಿ.

ದಾರಿ ಮುಚ್ಚುವುದು ಹೇಗೆ? ಪೆಟ್ಟಿನಿಂದ ಆಗುವುದು ಅರ್ಥ ಮಾಡಿಕೊಳ್ಳಲು ಸುಲಭ. ಬೈಕಿನಿಂದ ಬಿದ್ದು ತೊಡೆಮೂಳೆಯ ಕತ್ತು ಮುರಿದರೆ ಅದಕ್ಕೆ ಅಂಟಿಕೊಂಡ ನಾಳಗಳೂ ಹರಿಯುತ್ತವೆ. ಕಾರಿನ ಮುಂದಿನ ಸೀಟಿನಲ್ಲಿದ್ದವರ ಮಂಡಿ ಡ್ಯಾಶ್‌ಬೋರ್ಡ್‌ಗೆ ಬಡಿದು ಸೊಂಟದ ಕೀಲು ತಪ್ಪಿದರೂ ಅಷ್ಟೇ. ಕೀಲು ತಪ್ಪಿದವರನ್ನು 6 ಗಂಟೆಯೊಳಗೆ ಆಸ್ಪತ್ರೆಯಲ್ಲಿ ಸರಿಯಾಗಿ ಕೂರಿಸಬೇಕು. ತಡವಾದಷ್ಟೂ ಎವಿಎನ್ ಸಾಧ್ಯತೆ ಏರುತ್ತದೆ. ದಯವಿಟ್ಟು ಇಂಥವರನ್ನು ಎಣ್ಣೆ ತಿಕ್ಕಿ ಕಟ್ಟು ಹಾಕುವವರ ಹತ್ತಿರ ಮೊದಲು ಕರೆದುಕೊಂಡು ಹೋಗಬೇಡಿ. ಇನ್ನೊಂದು ಮಾತು. ಕತ್ತು ಮುರಿದು ಸ್ಕ್ರೂ ಹಾಕಿಸಿಕೊಂಡವರು, ಮೂಳೆ ಕೂಡಿಕೊಂಡಿತು ಅಂತ ತೋರಿಸುವುದನ್ನು ನಿಲ್ಲಿಸಿಬಿಡುತ್ತಾರೆ. ಮೂಳೆ ಚೆನ್ನಾಗಿ ಕೂಡಿಕೊಂಡ ಮೇಲೂ ಎರಡು ವರ್ಷ, ಮೂರು ವರ್ಷ ಬಿಟ್ಟು ಬಾಲ್ ಕುಸಿಯಬಹುದು. ಅಲ್ಲಿಯವರೆಗೂ ಆಗಾಗ ಬಂದು ಎಕ್ಸ್‌ರೇ ತೆಗೆಸಿಕೊಳ್ಳಬೇಕು.

ಪೆಟ್ಟೇ ಇಲ್ಲದೆ ಬರುವುದರಲ್ಲಿ ಮೊದಲ ಹೆಸರು ಸ್ಟೀರಾಯ್ಡ್. ಪ್ರೆಡ್ನಿಸೋಲೋನ್, ಡೆಕ್ಸಾಮೆಥಸೋನ್, ಮೀಥೈಲ್ ಪ್ರೆಡ್ನಿಸೋಲೋನ್ ಇವೆಲ್ಲ ಆ ಗುಂಪಿನವು. ಮೂಳೆಯೊಳಗಿನ ಕೊಬ್ಬಿನ ಕೋಶಗಳು ಇದರಿಂದ ಊದಿಕೊಳ್ಳುತ್ತವೆ. ಮೂಳೆಯ ಗೋಡೆ ಗಟ್ಟಿ, ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿ ಸಣ್ಣ ನಾಳಗಳು ಹಿಸುಕಿಹೋಗುತ್ತವೆ. ಜೊತೆಗೆ ಕೊಬ್ಬಿನ ಕಣಗಳು, ರಕ್ತದ ಹೆಪ್ಪು ಸಿಕ್ಕಿಕೊಳ್ಳುವುದೂ ಇದೆ. ಎಷ್ಟು ತೆಗೆದುಕೊಂಡರೆ ಅಪಾಯ? ಪ್ರೆಡ್ನಿಸೋಲೋನ್ ಲೆಕ್ಕದಲ್ಲಿ 3 ತಿಂಗಳೊಳಗೆ ಒಟ್ಟು 2 ಗ್ರಾಂ ಮೀರುವುದನ್ನು ನಾವು ಎಚ್ಚರಿಕೆಯ ಗೆರೆ ಅಂತ ಇಟ್ಟುಕೊಳ್ಳುತ್ತೇವೆ. ದಿನಕ್ಕೆ 40 ಮಿಲಿಗ್ರಾಂನಂತೆ 50 ದಿನ ನುಂಗಿದರೆ ಅಲ್ಲಿಗೆ ಮುಟ್ಟುತ್ತದೆ. ಅದಕ್ಕಿಂತ ಕಡಿಮೆ ತೆಗೆದುಕೊಂಡವರಿಗೂ ಬಂದದ್ದಿದೆ, ಎಷ್ಟೋ ಜಾಸ್ತಿ ತೆಗೆದುಕೊಂಡವರಿಗೆ ಬಾರದೇ ಇದ್ದದ್ದೂ ಇದೆ.

2003ರಲ್ಲಿ ಚೀನಾ, ಹಾಂಗ್‌ಕಾಂಗ್‌ನಲ್ಲಿ ಸಾರ್ಸ್ ಅನ್ನುವ ಶ್ವಾಸಕೋಶದ ಸೋಂಕು ಬಂದಾಗ ಭಾರಿ ಪ್ರಮಾಣದಲ್ಲಿ ಸ್ಟೀರಾಯ್ಡ್ ಕೊಟ್ಟರು. ಬದುಕುಳಿದ ಎಷ್ಟೋ ಜನರಿಗೆ ಆಮೇಲೆ ಎವಿಎನ್ ಬಂತು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಮುಂಬೈ ವೈದ್ಯರೂ ಇಂಥ ರೋಗಿಗಳ ಬಗ್ಗೆ ವರದಿ ಮಾಡಿದರು. ಇದನ್ನು ಓದಿ ಸ್ಟೀರಾಯ್ಡ್ ಅಂದರೆ ವಿಷ ಅಂದುಕೊಳ್ಳಬೇಡಿ. ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಜೀವ ಉಳಿಸಿದ್ದು ಇದೇ ಔಷಧಿ. ಆಗ ಪ್ರಯೋಗದಲ್ಲಿ ಕೆಲಸ ಮಾಡಿದ ಡೋಸು ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್, ಹೆಚ್ಚೆಂದರೆ 10 ದಿನ. ಪ್ರೆಡ್ನಿಸೋಲೋನ್‌ಗೆ ಇಳಿಸಿದರೆ ಒಟ್ಟು ಸುಮಾರು 400 ಮಿಲಿಗ್ರಾಂ. ಅಪಾಯ ಬೆಳೆದದ್ದು ಇದನ್ನು ಎಷ್ಟೋ ಪಟ್ಟು ಮೀರಿದಾಗ, ವಾರಗಟ್ಟಲೆ ಮುಂದುವರಿಸಿದಾಗ. ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಕೆಲವು ಕಿಡ್ನಿ ಕಾಯಿಲೆ ಇರುವವರಿಗೆ, ಕಿಡ್ನಿ ಕಸಿ ಆದವರಿಗೆ ಹಲವು ಬಾರಿ ಸ್ಟೀರಾಯ್ಡ್ ಬೇಕೇ ಬೇಕು. ಅವರು ಹೆದರಿ ಒಮ್ಮೆಲೇ ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಕಡಿಮೆ ಮಾಡುವುದೇನಿದ್ದರೂ ಬರೆದುಕೊಟ್ಟ ವೈದ್ಯರೇ ಮಾಡಬೇಕು. ಸೇದುವ ಇನ್‌ಹೇಲರ್ ಬಗ್ಗೆ ಇಷ್ಟು ಭಯ ಬೇಕಾಗಿಲ್ಲ.

ನನಗೆ ನಿಜಕ್ಕೂ ಸಂಕಟ ಆಗುವುದು ಗೊತ್ತಿಲ್ಲದೆ ತೆಗೆದುಕೊಂಡವರನ್ನು ನೋಡಿದಾಗ. ಮಂಡಿನೋವಿಗೆ, ಉಬ್ಬಸಕ್ಕೆ, ಚರ್ಮದ ತುರಿಕೆಗೆ ಅಂತ ಪೊಟ್ಟಣದಲ್ಲಿ ಪುಡಿ ಕೊಡುತ್ತಾರೆ. ಹೆಸರಿಲ್ಲ, ಚೀಟಿಯಿಲ್ಲ. ಎರಡೇ ದಿನಕ್ಕೆ ನೋವು ಮಾಯ. ಕೈಗುಣ ಒಳ್ಳೇದು ಅಂತ ಊರೆಲ್ಲ ಹೇಳುತ್ತದೆ. ತೂಕ ಹೆಚ್ಚಿಸಿಕೊಳ್ಳಲು ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಡೆಕ್ಸಾಮೆಥಸೋನ್ ಕೊಂಡು ತಿನ್ನುವ ಹುಡುಗರೂ ಇದ್ದಾರೆ. ಕೆನ್ನೆ ತುಂಬಿಕೊಳ್ಳುತ್ತದೆ, ಹಸಿವು ಚೆನ್ನಾಗಿ ಆಗುತ್ತದೆ, ಖುಷಿಯಾಗುತ್ತದೆ. ಇವರನ್ನು ಸ್ಟೀರಾಯ್ಡ್ ತಗೊಂಡಿದ್ದೀರಾ ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ, ಸುಳ್ಳಲ್ಲ, ಗೊತ್ತೇ ಇರುವುದಿಲ್ಲ. ಅದಕ್ಕೇ ನಾನು ಈಗ "ಪುಡಿ ಏನಾದ್ರೂ ತಿಂದಿದ್ರಾ? ಮುಖ ಊದಿಕೊಂಡಿತ್ತಾ?" ಅಂತ ಕೇಳುತ್ತೇನೆ.

ಕುಡಿತದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಾರಕ್ಕೆ 400 ಎಂಎಲ್‌ಗಿಂತ ಜಾಸ್ತಿ ಶುದ್ಧ ಆಲ್ಕೋಹಾಲ್ ಆರು ತಿಂಗಳಿಗೂ ಮೀರಿ ಒಳಗೆ ಹೋಗಿದ್ದರೆ ಎವಿಎನ್‌ಗೆ ಅದೇ ಕಾರಣ ಅಂತ ಹಿಡಿಯುತ್ತಾರೆ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮಿನಲ್ಲಿ ಆಲ್ಕೋಹಾಲ್ 42.8%. 180 ಎಂಎಲ್‌ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 77 ಎಂಎಲ್ ಆಯಿತು. ದಿನಕ್ಕೊಂದು ಕ್ವಾರ್ಟರ್ ಅಂದರೆ ವಾರಕ್ಕೆ 540. "ನಾನು ಜಾಸ್ತಿ ಕುಡಿಯಲ್ಲ ಸಾರ್, ಮಲಗೋಕೆ ಮುಂಚೆ ಒಂದು ಕ್ವಾರ್ಟರ್ ಅಷ್ಟೇ" ಅನ್ನುವವರು ಈ ಲೆಕ್ಕ ನೋಡಬೇಕು.

ಸಿಕಲ್ ಸೆಲ್ ಕಾಯಿಲೆ ಇರುವವರ ವಿಷಯ ಬೇರೆ. ಅವರ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹದಿಹರೆಯದಲ್ಲೇ ಬಾಲ್ ಹಾಳಾಗಬಹುದು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ. 2023ರಿಂದ ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯಲ್ಲಿ ರಕ್ತ ಪರೀಕ್ಷೆ ನಡೆಯುತ್ತಿದೆ. ಆ ಭಾಗದ ಹುಡುಗನೊಬ್ಬ ಕುಂಟುತ್ತಾ ಬಂದರೆ ಆ ಪರೀಕ್ಷೆ ಆಗಿದೆಯಾ ಅಂತ ಕೇಳಲೇಬೇಕು. ಇದ್ಯಾವುದೂ ಇಲ್ಲದೆ, ಕಾರಣವೇ ಸಿಗದೆ ಬರುವ ರೋಗಿಗಳೂ ಕಡಿಮೆಯೇನಲ್ಲ.

ಇನ್ನು ಲಕ್ಷಣ. ರೋಗಿ ಒಳಗೆ ಬಂದವರೇ "ಸೊಂಟ ನೋವು ಸಾರ್" ಅನ್ನುತ್ತಾರೆ. ಎಲ್ಲಿ ತೋರಿಸಿ ಅಂದರೆ ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ತೊಡೆಯ ಬುಡವನ್ನು ಅಂಗೈಯಲ್ಲಿ ಹಿಡಿದು ತೋರಿಸುತ್ತಾರೆ. ಆ ಕೈ ನೋಡಿದ ತಕ್ಷಣ ಅರ್ಧ ವಿಷಯ ಗೊತ್ತಾಗುತ್ತದೆ. ಬೆನ್ನುಮೂಳೆಯ ನೋವಿನವರು ಹೀಗೆ ಹಿಡಿಯುವುದು ಕಡಿಮೆ. ಮಲಗಿಸಿ, ಮಂಡಿ ಮಡಚಿ, ಪಾದವನ್ನು ಹೊರಗೆ ತಳ್ಳಿದರೆ ತೊಡೆ ಒಳಕ್ಕೆ ತಿರುಗುತ್ತದೆ. ಆಗ ಮುಖ ಕಿವುಚಿ ನನ್ನ ಕೈ ಹಿಡಿದುಕೊಂಡರೆ ತೊಂದರೆ ಇರುವುದು ಸೊಂಟದ ಕೀಲಲ್ಲೇ. ಮನೆಯಲ್ಲಿ ಮೊದಲು ಗೊತ್ತಾಗುವುದು ಬೇರೆ ರೀತಿ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಆಗುವುದಿಲ್ಲ. ಬೈಕಿಗೆ ಕಾಲು ಎತ್ತಿ ಹಾಕಲು ಕಷ್ಟ. ಪ್ಯಾಂಟು ಹಾಕಿಕೊಳ್ಳಲು ಗೋಡೆಗೆ ಒರಗಬೇಕು. ಕೆಲವರಿಗೆ ನೋವು ತೊಡೆಯಲ್ಲೂ ಇರುವುದಿಲ್ಲ, ಮಂಡಿಯಲ್ಲಿ ಮಾತ್ರ. ಮಂಡಿಯ ಎಕ್ಸ್‌ರೇ ತೆಗೆಸಿ, ಸರಿ ಇದೆ ಅಂತ ಮನೆಗೆ ಹೋಗುತ್ತಾರೆ.

ಬಹಳ ಜನರ ಸಮಯ ಹಾಳಾಗುವುದು ಇಲ್ಲೇ. ಸೊಂಟ ನೋವು ಅಂದ ಕೂಡಲೇ ಬೆನ್ನಿನ ಎಂಆರ್‌ಐ ಆಗುತ್ತದೆ. ನಲವತ್ತು ದಾಟಿದವರ ಬೆನ್ನಲ್ಲಿ ಎಲ್ಲೋ ಒಂದು ಡಿಸ್ಕ್ ಉಬ್ಬಿರುವುದು ಮಾಮೂಲು, ನೋವಿಲ್ಲದವರಲ್ಲೂ ಇರುತ್ತದೆ. ರಿಪೋರ್ಟಿನಲ್ಲಿ ಅದು ಕಂಡರೆ ಡಿಸ್ಕ್ ತೊಂದರೆ ಅಂತ ಬೆಲ್ಟು, ಟ್ರ್ಯಾಕ್ಷನ್, ತಿಂಗಳುಗಟ್ಟಲೆ ಮಾತ್ರೆ. ಅಷ್ಟರಲ್ಲಿ ಬಾಲ್ ಒಳಗೆ ಕಾಯಿಲೆ ತನ್ನ ಪಾಡಿಗೆ ಮುಂದುವರಿಯುತ್ತದೆ. ಸೊಂಟದ ಕೀಲಿನ ಎಕ್ಸ್‌ರೇ ತೆಗೆದರೂ ಮೊದಲ ಹಂತದಲ್ಲಿ ಏನೂ ಕಾಣುವುದಿಲ್ಲ. ಸತ್ತ ಮೂಳೆಯಲ್ಲೂ ಸುಣ್ಣದ ಅಂಶ ಹಾಗೇ ಇರುತ್ತದೆ, ಎಕ್ಸ್‌ರೇ ನೋಡುವುದು ಅದನ್ನು ಮಾತ್ರ. ಎಂಆರ್‌ಐನಲ್ಲಿ ಮಾತ್ರ ಸತ್ತ ಭಾಗ, ಬದುಕಿದ ಭಾಗದ ನಡುವಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ತೊಡೆಸಂದಿ ನೋವು ಮೂರು ನಾಲ್ಕು ವಾರ ಹೋಗದೆ ಉಳಿದು, ಸ್ಟೀರಾಯ್ಡ್, ಕುಡಿತ ಅಥವಾ ಹಳೇ ಪೆಟ್ಟು ಹಿನ್ನೆಲೆಯಲ್ಲಿದ್ದರೆ ಸೊಂಟದ ಕೀಲಿನ ಎಂಆರ್‌ಐ ಬೇಕಾ ಅಂತ ನೀವೇ ಕೇಳಿ. ಎರಡೂ ಕಡೆಯದು. ಪೆಟ್ಟಿಲ್ಲದೆ ಬಂದ ಎವಿಎನ್ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಎರಡೂ ಕಡೆ ಇರುತ್ತದೆ, ಒಂದು ಕಡೆ ನೋವೇ ಇಲ್ಲದಿದ್ದರೂ.

ಮೂಳೆ ಸತ್ತ ದಿನವೇ ಬಾಲ್ ಕುಸಿಯುವುದಿಲ್ಲ ಅನ್ನುವುದು ಈ ಕಾಯಿಲೆಯಲ್ಲಿ ತಿಳಿದುಕೊಳ್ಳಬೇಕಾದ ದೊಡ್ಡ ವಿಷಯ. ಸತ್ತ ಮೂಳೆ ಸ್ವಲ್ಪ ಕಾಲ ಭಾರ ಹೊರುತ್ತಲೇ ಇರುತ್ತದೆ. ಕುಸಿತ ಶುರುವಾಗುವುದು ದೇಹ ರಿಪೇರಿಗೆ ಇಳಿದಾಗ. ಸುತ್ತಲಿನ ಜೀವಂತ ಮೂಳೆಯಿಂದ ಕೋಶಗಳು ಬಂದು ಸತ್ತದ್ದನ್ನು ಕರಗಿಸಿ ಹೊಸದನ್ನು ಕಟ್ಟಲು ನೋಡುತ್ತವೆ. ಕರಗಿಸುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ಹಂಚಿನ ಮನೆಯಲ್ಲಿ ಹಳೇ ರೀಪುಗಳನ್ನು ಕಿತ್ತು, ಹೊಸದು ಹೊಡೆಯುವ ಮುಂಚೆ ಹಂಚಿನ ಭಾರ ಹಾಗೇ ಬಿಟ್ಟರೆ ಮಾಡು ಜಗ್ಗುತ್ತದಲ್ವಾ, ಹಾಗೆ. ನಾವು ನಡೆಯುವಾಗ ಸೊಂಟದ ಕೀಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಬಾಲ್‌ನ ಮೇಲಿನ ನುಣುಪು ಹೊದಿಕೆಯಾದ ಮೃದ್ವಸ್ಥಿಯ ಕೆಳಗೆ ಸಣ್ಣದೊಂದು ಬಿರುಕು ಬಿಡುತ್ತದೆ. ಎಕ್ಸ್‌ರೇನಲ್ಲಿ ಅದು ಬಿದಿಗೆ ಚಂದ್ರನಂಥ ಕಪ್ಪು ಗೆರೆಯಾಗಿ ಕಾಣುತ್ತದೆ. ಆಮೇಲೆ ಬಾಲ್ ಚಪ್ಪಟೆಯಾಗುತ್ತದೆ. ಕೊನೆಗೆ ಅದು ಕೂರುವ ಬಟ್ಟಲೂ ಸವೆಯುತ್ತದೆ.

ಚಿಕಿತ್ಸೆ ನಿಂತಿರುವುದು ಆ ಬಿರುಕಿನ ಮೇಲೆ. ಬಿರುಕು ಬಿಡುವ ಮುಂಚೆ ಸಿಕ್ಕರೆ ಕೋರ್ ಡಿಕಂಪ್ರೆಷನ್ ಮಾಡುತ್ತೇವೆ. ತೊಡೆಯ ಪಕ್ಕದಲ್ಲಿ ಸಣ್ಣ ಗಾಯ ಮಾಡಿ, ಪರದೆಯ ಮೇಲೆ ಎಕ್ಸ್‌ರೇ ನೋಡುತ್ತಾ, ಬಾಲ್‌ನ ಸತ್ತ ಭಾಗದವರೆಗೆ ಡ್ರಿಲ್ ಮಾಡುತ್ತೇವೆ. ಒಳಗಿನ ಒತ್ತಡ ಇಳಿಯುತ್ತದೆ, ಹೊಸ ರಕ್ತನಾಳ ಬೆಳೆಯಲು ದಾರಿಯಾಗುತ್ತದೆ. ನೋವು ಬಹಳ ಜನರಿಗೆ ಬೇಗ ಕಡಿಮೆಯಾಗುತ್ತದೆ. ಕೆಲವು ಕಡೆ ಅದೇ ರೋಗಿಯ ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯನ್ನು ಆ ರಂಧ್ರಕ್ಕೆ ತುಂಬುತ್ತಾರೆ. ಕಾಲಿನ ಫಿಬುಲಾ ಮೂಳೆಯ ತುಂಡನ್ನು ರಕ್ತನಾಳದ ಸಮೇತ ತಂದು ಕೂರಿಸುವ ದೊಡ್ಡ ಆಪರೇಷನ್ ಕೂಡ ಇದೆ, ಅದಕ್ಕೆ ಸೂಕ್ಷ್ಮ ಕೈಗಳು ಬೇಕು. ಡ್ರಿಲ್ ಮಾಡಿದ ಮೇಲೆ ಸುಮಾರು ಆರು ವಾರ ಊರುಗೋಲು ಬಿಡಬಾರದು. ನೋವಿಲ್ಲ ಅಂತ ಎರಡನೇ ವಾರಕ್ಕೇ ಗದ್ದೆಗೆ ಇಳಿಯುವವರಿದ್ದಾರೆ, ಡ್ರಿಲ್ ಮಾಡಿದ ಜಾಗದಲ್ಲೇ ಮೂಳೆ ಮುರಿಯಬಹುದು. ಸತ್ತ ಭಾಗ ಸಣ್ಣದಿದ್ದರೆ ಫಲ ಚೆನ್ನಾಗಿರುತ್ತದೆ. ದೊಡ್ಡದಿದ್ದರೆ, ಅದರಲ್ಲೂ ಭಾರ ಬೀಳುವ ಮೇಲ್ಭಾಗದಲ್ಲಿದ್ದರೆ, ಎಲ್ಲ ಮಾಡಿದರೂ ಕುಸಿಯಬಹುದು. ಇದನ್ನು ಆಪರೇಷನ್ ಮುಂಚೆಯೇ ರೋಗಿಗೆ ಹೇಳಬೇಕು.

ದೇಹ ಮೂಳೆಯನ್ನು ಕರಗಿಸುವ ಕೆಲಸ ನಿಧಾನವಾಗಲಿ ಅಂತ ಅಲೆಂಡ್ರೊನೇಟ್ ಮಾತ್ರೆ ಕೊಡುತ್ತಾರೆ. ಅಧ್ಯಯನಗಳಲ್ಲಿ ಫಲ ಒಂದೇ ಸಮ ಇಲ್ಲ. ಸತ್ತ ಮೂಳೆಗೆ ಜೀವ ತರುತ್ತೇನೆ ಅನ್ನುವ ತೈಲ, ಲೇಹ್ಯ, ಬರೀ ಇಂಜೆಕ್ಷನ್‌ನಲ್ಲೇ ಗುಣ ಅನ್ನುವ ಲಕ್ಷಾಂತರ ರೂಪಾಯಿಯ ಸ್ಟೆಮ್ ಸೆಲ್ ಪ್ಯಾಕೇಜ್, ಇವನ್ನು ನಂಬಿ ಆರು ತಿಂಗಳು ಕಳೆದರೆ ಹೋಗುವುದು ದುಡ್ಡು ಮಾತ್ರ ಅಲ್ಲ, ಕೀಲು ಉಳಿಸುವ ಅವಕಾಶವೂ ಹೋಗುತ್ತದೆ. ಕುಡಿತ, ಸಿಗರೇಟು ಬಿಡುವುದು ಮಾತ್ರ ಯಾವ ಹಂತದಲ್ಲೂ ಬೇಕು.

ಬಾಲ್ ಕುಸಿದು ಕೀಲು ಸವೆದ ಮೇಲೆ ಪೂರ್ತಿ ಕೀಲು ಬದಲಾಯಿಸುವುದೇ ಸರಿ. ಮೂವತ್ತೈದಕ್ಕೇ ಯಾಕೆ, ಐವತ್ತರವರೆಗೆ ಹೇಗೋ ತಳ್ಳೋಣ ಅಂತ ಮನೆಯವರು ಕೇಳುತ್ತಾರೆ. ಆ ಆತಂಕ ನನಗೆ ಅರ್ಥವಾಗುತ್ತದೆ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಪ್ರಕಾರ ಬದಲಾಯಿಸಿದ ಕೀಲುಗಳಲ್ಲಿ 58% 25 ವರ್ಷ ಬಾಳಿವೆ. ಅದರಲ್ಲಿದ್ದವರು ಹೆಚ್ಚಿನವರು ವಯಸ್ಸಾದವರು. ಚಿಕ್ಕ ಪ್ರಾಯದವರಿಗೆ ಮುಂದೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಆದರೂ ದುಡಿಯುವ ವಯಸ್ಸೆಲ್ಲ ಕುಂಟುತ್ತಾ, ನೋವಿನ ಮಾತ್ರೆಯಲ್ಲಿ ಕಿಡ್ನಿ ಹಾಳು ಮಾಡಿಕೊಳ್ಳುವುದಕ್ಕಿಂತ ಈಗಲೇ ಮಾಡಿಸಿಕೊಳ್ಳುವುದು ವಾಸಿ ಅಂತ ನನ್ನ ಅಭಿಪ್ರಾಯ. ಆಪರೇಷನ್ ಆದ ಮೇಲೆ ಕುಕ್ಕುರುಗಾಲಲ್ಲಿ ಕೂರುವುದು, ಇಂಡಿಯನ್ ಟಾಯ್ಲೆಟ್ ಸಾಮಾನ್ಯವಾಗಿ ಬೇಡ ಅನ್ನುತ್ತೇವೆ. ಮನೆಯಲ್ಲಿ ಕಮೋಡ್ ಇದೆಯಾ ಅಂತ ಮೊದಲೇ ವಿಚಾರಿಸುವುದು ಅದಕ್ಕೇ. ಬಿಪಿಎಲ್ ಕಾರ್ಡ್ ಇರುವವರು ಸರ್ಕಾರಿ ಆಸ್ಪತ್ರೆಯ ಆಯುಷ್ಮಾನ್ ಕೌಂಟರ್‌ನಲ್ಲಿ ಯಾವ ಸೌಲಭ್ಯ ಸಿಗುತ್ತದೆ ಅಂತ ಮೊದಲು ಕೇಳಿ, ಆಮೇಲೆ ಸಾಲದ ಯೋಚನೆ ಮಾಡಿ.

ಮಕ್ಕಳ ಮಾತು ಬಿಟ್ಟರೆ ತಪ್ಪಾಗುತ್ತದೆ. ನಾಲ್ಕರಿಂದ ಎಂಟು ವರ್ಷದೊಳಗಿನ ಮಕ್ಕಳಲ್ಲಿ, ಹುಡುಗರಲ್ಲೇ ಜಾಸ್ತಿ, ಬಾಲ್‌ಗೆ ರಕ್ತ ನಿಲ್ಲುವ ಪರ್ಥೆಸ್ ಕಾಯಿಲೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಇದು ಹೆಚ್ಚು ಅಂತ ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1980ರ ದಶಕದಲ್ಲೇ ತೋರಿಸಿದ್ದಾರೆ. ಮಗುವಿಗೆ ನೋವು ಅಷ್ಟಾಗಿ ಇರುವುದಿಲ್ಲ. ಸಂಜೆ ಆಟ ಆಡಿ ಬಂದಾಗ ಕುಂಟುತ್ತದೆ, ಬೆಳಿಗ್ಗೆ ಎದ್ದಾಗ ಸರಿ. ಎಲ್ಲೋ ಬಿದ್ದಿರಬೇಕು ಅಂತ ಬಿಡುತ್ತೇವೆ. ದೊಡ್ಡವರಿಗಿಂತ ಮಕ್ಕಳಿಗೆ ಒಂದು ಅನುಕೂಲ ಇದೆ, ಬೆಳೆಯುವ ಮೂಳೆ ಎರಡು ಮೂರು ವರ್ಷದಲ್ಲಿ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಅಷ್ಟರವರೆಗೆ ಬಾಲ್ ಬಟ್ಟಲಿನೊಳಗೇ ಉಳಿದು ಗುಂಡಗೇ ಬೆಳೆಯುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಕೆಲವರಿಗೆ ಸುಮ್ನೆ ಗಮನಿಸುತ್ತಿದ್ದರೆ ಸಾಕು, ಕೆಲವರಿಗೆ ಬ್ರೇಸ್ ಅಥವಾ ಆಪರೇಷನ್ ಬೇಕು. ಎರಡು ವಾರ ಕಳೆದರೂ ಮಗು ಕುಂಟುತ್ತಿದ್ದರೆ ಮಂಡಿಯ ಜೊತೆ ಸೊಂಟದ ಎಕ್ಸ್‌ರೇ ಕೂಡ ತೆಗೆಸಿ.