ಎಸ್‌ಪಿಬಿ ದನಿ ‘ಸವೆದದ್ದು’ ಯಾವಾಗ?

ಪ್ರಶ್ನೆ: ಗಾಯಕ ಎಸ್‌ಪಿಬಿ (ಎಸ್.ಪಿ. ಬಾಲಸುಬ್ರಹ್ಮಣ್ಯಂ) ಅವರ ಮೊದಮೊದಲ ಕನ್ನಡ ಹಾಡು ಕೇಳಿದರೆ ಬೇರೆ ಯಾರೋ ಹಾಡಿದಂತಿದೆ. ಎಂಬತ್ತರ ದಶಕದ ದನಿಯೇ ಬೇರೆ, ಕೊನೆಗಾಲದ ವೇದಿಕೆಗಳ ದನಿ ಮತ್ತೂ ಬೇರೆ. ಅಷ್ಟೊಂದು ಹಾಡಿ ಹಾಡಿ ಗಂಟಲು ಸವೆದದ್ದೇ ಇದಕ್ಕೆ ಕಾರಣ ಅಲ್ಲವೇ?

ಉತ್ತರ: ಅಲ್ಲ. ಇದನ್ನು ಎಷ್ಟು ಬಾರಿ ಹೇಳಿದರೂ ಮರುವಾರ ಅದೇ ಪ್ರಶ್ನೆ ಹೊಸ ಹೆಸರಿನಲ್ಲಿ ಬಂದು ನಿಲ್ಲುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಬದಲಾವಣೆ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಕಿವಿಯಾರೆ ತಿಳಿಯಬೇಕೆಂದರೆ ಒಬ್ಬರೇ ಸಂಗೀತ ನಿರ್ದೇಶಕರ ಎರಡು ಹಾಡು ಸಾಕು. 1967ರ ‘ನಕ್ಕರೆ ಅದೇ ಸ್ವರ್ಗ’ದ ‘ಕನಸಿದೋ ನನಸಿದೋ’ ಎಂ. ರಂಗರಾವ್ ಅವರದು. 1984ರ ‘ಬಂಧನ’ದ ‘ನೂರೊಂದು ನೆನಪು’ ಕೂಡ ಅವರದೇ. ಮೊದಲನೆಯದು ಬಾಲು ಅವರಿಗೆ ಕನ್ನಡದಲ್ಲಿ ಬಾಗಿಲು ತೆರೆದ ಹಾಡು. ಆಗ ಅವರಿಗೆ ಇಪ್ಪತ್ತರ ಆಸುಪಾಸು, ಪಕ್ಕದಲ್ಲಿ ಪಿ. ಸುಶೀಲಾ. ಸ್ವರ ಶುದ್ಧ, ಉಚ್ಚಾರಣೆ ಸ್ಪಷ್ಟ, ದನಿ ಹಗುರ. ಸಾಲಿನ ಆರಂಭದಲ್ಲಿ ಎಷ್ಟು ದನಿಯೋ ಕೊನೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹದಿನೇಳು ವರ್ಷದ ಮೇಲೆ ಬಂದ ಹಾಡಿನಲ್ಲಿ ಪ್ರತಿ ಪದಕ್ಕೂ ಬೇರೆ ಬೇರೆ ತೂಕ ಬಿದ್ದಿದೆ. ಒಂದು ಪದದಲ್ಲಿ ದನಿ ತುಂಬಿ ಬರುತ್ತದೆ, ಮುಂದಿನದರಲ್ಲಿ ಮಾತಿನ ಮಟ್ಟಕ್ಕೆ ಇಳಿಯುತ್ತದೆ, ಸಾಲು ಮುಗಿಯುವಾಗ ಉಸಿರೂ ಹಾಡಿನ ಭಾಗವಾಗುತ್ತದೆ. ಇದು ಸವೆದ ಗಂಟಲು ಮಾಡುವ ಕೆಲಸವಲ್ಲ.

ಈಗ ಆ ‘ಸವೆತ’ದ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಹಳ ಮಂದಿಯ ನಂಬಿಕೆ ಏನೆಂದರೆ, ದೇವರು ಕೊಟ್ಟ ದನಿ ಇಷ್ಟೇ ಎಂದು ಅಳೆದು ಕೊಟ್ಟದ್ದು, ಹಾಡಿದಷ್ಟೂ ಖರ್ಚಾಗುತ್ತದೆ ಎಂದು. ಧ್ವನಿತಂತು ಅಂದರೆ ಚಪ್ಪಲಿಯ ಅಟ್ಟೆಯಲ್ಲ. ಅದು ಸ್ನಾಯು, ಅದರ ಮೇಲೊಂದು ಮೆತ್ತನೆಯ ಹೊದಿಕೆ. ಗಂಡಸು ಮೇಲಿನ ಸ್ಥಾಯಿಯಲ್ಲಿ ಹಾಡುವಾಗ ಅವು ಸೆಕೆಂಡಿಗೆ 300ಕ್ಕೂ ಹೆಚ್ಚು ಸಲ ಒಂದನ್ನೊಂದು ತಟ್ಟುತ್ತವೆ. ಬರೀ ತಟ್ಟುವುದರಿಂದಲೇ ಸವೆಯುವುದಾದರೆ ಯಾವ ಗಾಯಕನೂ ಒಂದು ವರ್ಷ ಬಾಳುತ್ತಿರಲಿಲ್ಲ. ಅವುಗಳಿಗೆ ಏಟು ಬೀಳುವುದು ಕೆಟ್ಟ ಬಳಕೆಯಿಂದ: ಗಂಟಲು ಬಿಗಿಹಿಡಿದು ಕಿರುಚಿದಾಗ, ಶೀತದಲ್ಲಿ ಗಂಟಲು ಊದಿಕೊಂಡಿದ್ದರೂ ಬಲವಂತವಾಗಿ ಹಾಡಿದಾಗ, ಹೊಟ್ಟೆಯ ಆಮ್ಲ ಮೇಲೆ ಬಂದು ಸುಟ್ಟಾಗ. ಹಾಗಾದಾಗ ತಂತುಗಳ ಮೇಲೆ ಗಂಟು ಕಟ್ಟುತ್ತದೆ, ದನಿ ಗೊಗ್ಗರಾಗುತ್ತದೆ. ಗಂಟಲಿಗೆ ಆಯಾಸ ಕೊಡದೆ ಹಾಡುವವರಿಗೆ ದಿನನಿತ್ಯದ ಹಾಡುಗಾರಿಕೆ ಸಾಧಕ, ಅಂದರೆ ದನಿಯನ್ನು ಪಳಗಿಸುವ ಅಭ್ಯಾಸ.

ಸಾಕ್ಷಿ ಬೇಕೇ? 1981ರಲ್ಲಿ ಉಪೇಂದ್ರಕುಮಾರ್ ಅವರಿಗಾಗಿ ಬೆಂಗಳೂರಿನಲ್ಲಿ ಬಾಲು ಬೆಳಗಿನಿಂದ ರಾತ್ರಿಯವರೆಗೆ ಕೂತು 21 ಹಾಡು ಮುಗಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಸವೆತದ ಲೆಕ್ಕ ನಿಜವಾಗಿದ್ದರೆ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ‘ನೂರೊಂದು ನೆನಪು’ ಬಂದದ್ದು ಅದಾದ ಮೂರು ವರ್ಷಕ್ಕೆ. 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದಲ್ಲಿ ಹಂಸಲೇಖ ಅವರು ಬಾಲು ಅವರಿಂದ ಹಿಂದೂಸ್ತಾನಿ ಧಾಟಿಯ ‘ಉಮಂಡ ಘುಮಂಡ’ ಹಾಡಿಸಿದಾಗ ಅವರು ಐವತ್ತರ ಅಂಚಿನಲ್ಲಿದ್ದರು. ಶಾಸ್ತ್ರೀಯ ಸಂಗೀತವನ್ನು ಗುರುಮುಖೇನ ಕಲಿತವರಲ್ಲ, ಆದರೂ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆ ತಾನಗಳನ್ನು ಒಮ್ಮೆ ಕೇಳಿ, ಸವೆತ ಎಲ್ಲಿದೆ ಎಂದು ನನಗೆ ತೋರಿಸಿ.

‘ಹಾಗಾದರೆ ಕೊನೆಗಾಲದಲ್ಲಿ ಶ್ರುತಿ ಇಳಿಸಿ ಹಾಡುತ್ತಿದ್ದರಲ್ಲ’ ಎಂಬುದು ಮುಂದಿನ ವಾದ. ವಯಸ್ಸಾದ ಗಾಯಕರು ವೇದಿಕೆಯಲ್ಲಿ ಹಳೆಯ ಹಾಡನ್ನು ಹಾರ್ಮೋನಿಯಂನ ಒಂದು ಮನೆ, ಎರಡು ಮನೆ ಕೆಳಗೆ ಇಟ್ಟುಕೊಳ್ಳುವುದು ಲೋಕರೂಢಿ. ವಯಸ್ಸಾದಂತೆ ತುತ್ತತುದಿಯ ಒಂದೆರಡು ಸ್ವರ ಕಷ್ಟವಾಗುತ್ತದೆ, ಉಸಿರು ಮೊದಲಿನಷ್ಟು ನಿಲ್ಲುವುದಿಲ್ಲ. ಅಷ್ಟು ನಿಜ. ಆದರೆ ಅಷ್ಟಕ್ಕೇ ‘ದನಿ ಹೋಯಿತು’ ಎನ್ನುವವರು ಸ್ಟುಡಿಯೋದಲ್ಲಿ ತಿದ್ದಿ ತೀಡಿದ ಹಾಡನ್ನೂ ಮೂರು ತಾಸಿನ ಕಚೇರಿಯಲ್ಲಿ ಹದಿನೈದನೆಯದಾಗಿ ಹಾಡಿದ ಅದೇ ಹಾಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದಾರೆ.

ಇನ್ನೊಂದು ಮುಖ್ಯ ವಿಷಯ. ನೀವು ಕೇಳುತ್ತಿರುವ ‘ಹಳೆಯ ದನಿ’ ಎಷ್ಟೋ ಸಲ ಅವರ ದನಿಯೇ ಅಲ್ಲ. ಯಾರದೋ ಮನೆಯ ಕ್ಯಾಸೆಟ್‌ನಿಂದ ಯೂಟ್ಯೂಬ್‌ಗೆ ಏರಿಸಿದ ಹಾಡು ಅದು. ಟೇಪು ಶೇಕಡ 6ರಷ್ಟು ಬೇಗ ಓಡಿದರೆ ಸಾಕು, ಇಡೀ ಹಾಡು ಒಂದು ಮನೆ ಮೇಲೇರುತ್ತದೆ. ಶ್ರುತಿಯೊಂದೇ ಅಲ್ಲ, ದನಿಯ ಮೈಯೂ ತೆಳುವಾಗಿ ಹಾಡಿದವರು ಇನ್ನೂ ಚಿಕ್ಕ ಹುಡುಗ ಅನಿಸುತ್ತದೆ. ಒಂದೇ ಹಾಡಿನ ಎರಡು ಮೂರು ಅಪ್‌ಲೋಡ್‌ಗಳನ್ನು ತಂಬೂರಿ ಆ್ಯಪ್ ಹಾಕಿಕೊಂಡು ಕೇಳಿದರೆ ಒಂದರ ಷಡ್ಜ (ಆಧಾರ ಸ್ವರವಾದ ‘ಸ’) ಒಂದರಲ್ಲಿ ಇರುವುದಿಲ್ಲ. ದಯವಿಟ್ಟು ಇದನ್ನು ಮಾಡಿ ನೋಡಿದ ಮೇಲೆ ನನಗೆ ಬರೆಯಿರಿ.

ಹಾಗಿದ್ದರೆ ಶೈಲಿ ಬದಲಾದದ್ದು ಯಾಕೆ? ವಯಸ್ಸಿನ ಪಾತ್ರ ಸ್ವಲ್ಪ ಇದೆ. ಇಪ್ಪತ್ತರ ಆಸುಪಾಸಿನಲ್ಲಿ ಗಂಡಸಿನ ದನಿ ಪೂರ್ತಿ ಮಾಗಿರುವುದಿಲ್ಲ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಆಮೇಲೆಯೂ ನಿಧಾನವಾಗಿ ಗಟ್ಟಿಯಾಗುತ್ತಾ ಹೋಗುತ್ತದೆ, ದನಿಗೆ ಮೈ ಬರುತ್ತದೆ. ಮುಪ್ಪಿನಲ್ಲಿ ತಂತು ತೆಳ್ಳಗಾಗುವುದರಿಂದ ಗಂಡಸಿನ ಮಾತಿನ ಶ್ರುತಿ ಕೊಂಚ ಮೇಲೇ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಕೆಳಗಿಳಿಯುತ್ತದೆ. ‘ವಯಸ್ಸಾದರೆ ಎಲ್ಲರ ದನಿಯೂ ದಪ್ಪ’ ಎನ್ನುವುದೂ ಸುಳ್ಳೇ.

ಮೈಕಿನ ಪಾತ್ರ ಇದಕ್ಕಿಂತ ದೊಡ್ಡದು. ಅರವತ್ತರ ದಶಕದ ಮದರಾಸಿನ ಸ್ಟುಡಿಯೋದಲ್ಲಿ ವಾದ್ಯದವರೂ ಗಾಯಕರೂ ಒಟ್ಟಿಗೇ ನುಡಿಸಿ ಹಾಡಬೇಕು. ಪಿಟೀಲಿನವರೊಬ್ಬರು ತಪ್ಪಿದರೆ ಎಲ್ಲರೂ ಪಲ್ಲವಿಯಿಂದ ಮತ್ತೆ ಶುರು. ಅಂಥ ಕಡೆ ಹೊಸ ಹುಡುಗ ಪಿಸುಗುಟ್ಟುವ, ನಗು ಬೆರೆಸುವ ಸಾಹಸಕ್ಕೆ ಕೈಹಾಕುತ್ತಾನೆಯೇ? ಮುಂದೆ ವಾದ್ಯವನ್ನೂ ಹಾಡನ್ನೂ ಬೇರೆ ಬೇರೆಯಾಗಿ ಮುದ್ರಿಸುವ ಟ್ರ್ಯಾಕ್ ಪದ್ಧತಿ ಬಂತು. ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ನಿಂತು, ಬೇಕಾದ ಸಾಲನ್ನಷ್ಟೇ ಮತ್ತೆ ಹಾಡುವ ಅನುಕೂಲವಾಯಿತು. ಮೈಕು ಉಸಿರನ್ನೂ ಹಿಡಿಯತೊಡಗಿತು. 1987ರ ‘ಪ್ರೇಮಲೋಕ’ದಿಂದ ಹಂಸಲೇಖ ತಂದ ಮಾತಿನ ಧಾಟಿಯ ಹಾಡುಗಳಿಗೆ ಬೇಕಾದದ್ದು ಇಂಥ ದನಿಯೇ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಹಾಡು ಯಾರ ಬಾಯಿಗೆ ಎಂಬುದು. 1972ರ ‘ನಾಗರಹಾವು’ ನೋಡಿ. ಒಬ್ಬನೇ ರಾಮಾಚಾರಿ, ‘ಬಾರೇ ಬಾರೇ’ಗೆ ಪಿ.ಬಿ. ಶ್ರೀನಿವಾಸ್, ‘ಹಾವಿನ ದ್ವೇಷ’ಕ್ಕೆ ಬಾಲು. ಪ್ರೀತಿಗೆ ಒಂದು ದನಿ, ಸಿಟ್ಟಿಗೆ ಇನ್ನೊಂದು. ಮುಂದೆ ವಿಷ್ಣುವರ್ಧನ್ ಅವರಿಗೆ ಪ್ರೀತಿ, ಸಿಟ್ಟು, ಅಳು ಎಲ್ಲವನ್ನೂ ಬಹುಮಟ್ಟಿಗೆ ಬಾಲು ಒಬ್ಬರೇ ಹಾಡಿದರು. ಜೊತೆಗೇ ಶಂಕರ್‌ನಾಗ್ ಅವರ ತುಂಟತನಕ್ಕೂ ಒದಗಿದರು. ತೆಲುಗಿನಲ್ಲಿ ಹಾಸ್ಯನಟರಿಗೆ ಹಾಡುವಾಗ ಅವರ ಮಾತಿನ ದನಿಯನ್ನೇ ತಂದಿಡುತ್ತಿದ್ದರು, ಕಮಲಹಾಸನ್‌ಗೆ ಕಂಠದಾನವನ್ನೂ ಮಾಡಿದರು. ಇಷ್ಟು ಮುಖಗಳಿಗೆ ಹಾಡಿದವರಲ್ಲಿ ‘ಅವರ ನಿಜವಾದ ದನಿ ಯಾವುದು’ ಎಂದು ಹುಡುಕುವವರಿಗೆ ನಾನು ಹೇಳುವುದು, ಎಲ್ಲವೂ ನಿಜವೇ.

ಇಲ್ಲಿಗೆ ಬಂದ ಮೇಲೆ ಇನ್ನೊಂದು ಪ್ರಶ್ನೆ ಏಳಬೇಕು. ಯಾರೂ ಕೇಳಿಲ್ಲ, ನಾನೇ ಎತ್ತಿಕೊಳ್ಳುತ್ತೇನೆ. ರಾಜ್‌ಕುಮಾರ್ ಅವರ ಹಾಡಿನ ದನಿ ಮಾತ್ರ ಯಾಕೆ ಅಷ್ಟಾಗಿ ಬದಲಾಗಲಿಲ್ಲ? 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ರಾಜ್‌ಕುಮಾರ್ ಅವರಿಂದ ‘ಯಾರೇ ಕೂಗಾಡಲಿ’ ಹಾಡಿಸಿದಾಗ ಅಣ್ಣಾವ್ರಿಗೆ 45. ಗಾಯಕರಾಗಿ ನೆಲೆಯೂರಿದ್ದು ಆಮೇಲೆಯೇ. ಅಷ್ಟರೊಳಗೆ ಅವರ ದನಿ ಮಾಗಿಯಾಗಿತ್ತು, ಅದೂ ಹಿಂದಿನ ಸಾಲಿನವರಿಗೆ ಮೈಕಿಲ್ಲದೆ ಕೇಳಿಸಬೇಕಾದ ಕಂಪನಿ ನಾಟಕದ ರಂಗದಲ್ಲಿ. ಹಾಡಿದ್ದು ಬಹುಪಾಲು ತಮ್ಮದೇ ಮುಖಕ್ಕೆ. ‘ಜೀವನ ಚೈತ್ರ’ದ ‘ನಾದಮಯ’ಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಅರವತ್ತು ದಾಟಿತ್ತು. ಸವೆತದ ವಾದದವರು ಇದಕ್ಕೂ ಉತ್ತರ ಹುಡುಕಿಕೊಳ್ಳಲಿ.

ಬದಲಾಗಲೇ ಇಲ್ಲ ಎಂದಲ್ಲ, ಬದಲಾದ ಕಾಲದಲ್ಲಿ ನಾವು ಅವರ ಹಾಡು ಕೇಳಲಿಲ್ಲ ಅಷ್ಟೇ. ಆಗ ತೆರೆಯ ಮೇಲಿನ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಅವರೊಂದಿಗೆ ರಾಜ್‌ಕುಮಾರ್ ಅವರೇ ಹಾಡಿದ ಯುಗಳಗೀತೆಯೊಂದಿದೆ. ಅದನ್ನು ‘ಯಾರೇ ಕೂಗಾಡಲಿ’ಯ ಪಕ್ಕದಲ್ಲಿಟ್ಟು ಕೇಳಿ. ಮೂವತ್ತರ ರಾಜ್‌ಕುಮಾರ್ ಹಾಡಿದಂತೆ ನಲವತ್ತೈದರ ರಾಜ್‌ಕುಮಾರ್ ಹಾಡಿಲ್ಲ.